ನಳಿಗೆಯ ಬಾಯಿ ಬಿಟ್ಟು ನಾಲ್ಕು ಬೆರಳು ಆಚೆ ಬೆಂಕಿ ಹೊತ್ತೋದ್ಯಾಕೆ? ಬೆಳಕು ತಗ್ಗಿದರೆ ಸದ್ದೂ ತಗ್ಗಬೇಕಲ್ವಾ?

ಅಲೆಮಾರಿ_ಅಲೆ
ಹೈಸ್ಪೀಡ್ ಕ್ಯಾಮೆರಾದಲ್ಲಿ ತೆಗೆದ ಬಂದೂಕಿನ ವಿಡಿಯೋಗಳನ್ನು ನಿಧಾನಕ್ಕೆ ಓಡಿಸಿ ನೋಡ್ತಿದ್ದೆ. ಒಂದು ವಿಷಯ ತಲೆ ತಿನ್ನುತ್ತಿದೆ. ನಳಿಗೆಯ ಬಾಯಲ್ಲೇ ಸಣ್ಣದೊಂದು ಹೊಳಪು. ಅದರ ಮುಂದೆ ಸ್ವಲ್ಪ ಜಾಗ ಕತ್ತಲೆ. ಕತ್ತಲೆಯ ಆಚೆ ಮತ್ತೆ ಕೆಂಪು-ಕಿತ್ತಳೆ ಬಣ್ಣದ ಹೊಳಪು. ಇದಾದ ಮೇಲೆ, ಎಲ್ಲ ವಿಡಿಯೋಗಳಲ್ಲಿ ಅಲ್ಲ, ಕೆಲವದರಲ್ಲಿ ಮಾತ್ರ, ದೊಡ್ಡ ಬೆಂಕಿಯುಂಡೆ. ಹೊರಗೆ ಬಂದದ್ದು ಒಂದೇ ಅನಿಲ ತಾನೆ? ಹಿಗ್ಗುತ್ತಾ ತಣ್ಣಗಾಗುತ್ತಾ ಹೋಗಬೇಕಾದದ್ದು ನಡುವೆ ಆರಿ ಮತ್ತೆ ಹೊತ್ತಿಕೊಳ್ಳೋದು ಹೇಗೆ?

ಎರಡನೇದು. ನಳಿಗೆಯ ತುದಿಗೆ ಹಾಕುವ ಸಾಧನಗಳಲ್ಲಿ ಫ್ಲ್ಯಾಶ್ ಹೈಡರ್ ಬೆಳಕು ತಗ್ಗಿಸುತ್ತೆ, ಸಪ್ರೆಸರ್ ಸದ್ದು ತಗ್ಗಿಸುತ್ತೆ ಅಂತಾರೆ. ಎರಡೂ ಅದೇ ಅನಿಲದ ಕಿತಾಪತಿ ಆಗಿದ್ದರೆ ಒಂದಕ್ಕೆ ಮದ್ದು ಮಾಡಿದಾಗ ಇನ್ನೊಂದೂ ವಾಸಿ ಆಗಬೇಕಲ್ವಾ?

ನನಗೆ ಬಂದೂಕಿನ ಹುಚ್ಚಿಲ್ಲ. ಸಿಎಫ್‌ಡಿ (ಅನಿಲ, ದ್ರವಗಳ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋದು) ಕಲೀತಿದ್ದೀನಿ, ಪ್ರಾಜೆಕ್ಟಿಗೆ ಗಟ್ಟಿ ಸಮಸ್ಯೆ ಬೇಕು.

ಪಾಪ್‌ಕಾರ್ನ್_ಪುಟ್ಟ
ಸಿನಿಮಾದಲ್ಲಿ ಹೀರೋ ತುದಿಗೆ ಒಂದು ಡಬ್ಬಿ ತಿರುಪಿದ ತಕ್ಷಣ ಬರೀ "ಪುಸ್ಕ್" ಅನ್ನುತ್ತೆ. ಪಕ್ಕದ ಕೋಣೆಯವನಿಗೂ ಗೊತ್ತಾಗಲ್ಲ. ಅದರ ಫ್ಲೂಯಿಡ್ ಡೈನಾಮಿಕ್ಸ್ ಯಾರಾದ್ರೂ ಹೇಳಿ 😄

ಉಷ್ಣಗತಿ
ಅದು ಸೌಂಡ್ ಎಂಜಿನಿಯರ್ ಮೇಜಿನ ಮೇಲೆ ಹುಟ್ಟಿದ ಸದ್ದು, ಅಲ್ಲೇ ಬಿಡಿ.

ಅಲೆಮಾರಿ ಅವರೇ, ನೀವು ನೋಡಿದ್ದು ಒಂದೇ ಬೆಂಕಿಯಲ್ಲ, ಮೂರು ಬೇರೆ ಬೇರೆ ಬೆಳಕು. ಬಾಯಲ್ಲಿ ಕಾಣೋದು ನಳಿಗೆಯೊಳಗಿಂದ ಬರುತ್ತಿರುವ ಅನಿಲದ ಸ್ವಂತ ಕಾವಿನ ಹೊಳಪು. ಎರಡನೇದು ಶಾಕ್ ವೇವಿನ, ಅಂದರೆ ಒತ್ತಡ-ತಾಪ ಒಮ್ಮೆಲೇ ಜಿಗಿಯುವ ತೆಳು ಅಲೆಯ, ಕೆಲಸ. ಮೂರನೇದು ನಿಜವಾದ ಉರಿ, ಅಂದರೆ ಹೊರಗಿನ ಆಮ್ಲಜನಕ ಸೇರಿ ಆಗುವ ದಹನ.

ಎರಡನೇದೇ ಸ್ವಾರಸ್ಯದ್ದು. ಗುಂಡು ಬಿರಡೆಯ ಹಾಗೆ ಬಾಯಿ ಮುಚ್ಚಿಕೊಂಡಿರುತ್ತೆ, ಅದು ಕಳಚಿದ ಕ್ಷಣಕ್ಕೆ ಹಿಂದಿರುವ ಅನಿಲದ ಒತ್ತಡ ಹೊರಗಿನ ವಾಯುಭಾರದ ನೂರಾರು ಪಟ್ಟು. ಹೊರಬಿದ್ದ ಅನಿಲ ಎಲ್ಲ ದಿಕ್ಕಿಗೂ ಹಿಗ್ಗುತ್ತೆ, ಹಿಗ್ಗಿದಷ್ಟೂ ವೇಗ ಏರುತ್ತೆ, ತಾಪ ಇಳಿಯುತ್ತೆ. ಎಷ್ಟು ಹಿಗ್ಗುತ್ತೆ ಅಂದರೆ ಅದರ ಒತ್ತಡ ಸುತ್ತಲಿನ ಗಾಳಿಗಿಂತಲೂ ಕೆಳಗೆ ಹೋಗಿಬಿಡುತ್ತೆ. ಅಲ್ಲಿಂದ ಮತ್ತೆ ಗಾಳಿಯ ಒತ್ತಡಕ್ಕೆ ಬರಲೇಬೇಕು, ಶಬ್ದಕ್ಕಿಂತ ವೇಗವಾಗಿ ಓಡುತ್ತಿರೋದರಿಂದ ನಯವಾಗಿ ಬರೋಕೆ ದಾರಿಯಿಲ್ಲ. ಅಡ್ಡಡ್ಡ ನಿಂತ ಒಂದು ಶಾಕ್ ಮೂಲಕ ಒಂದೇ ಏಟಿಗೆ ಬರುತ್ತೆ. ಅದಕ್ಕೆ ಮಾಕ್ ಡಿಸ್ಕ್ ಅಂತ ಹೆಸರು. ನಿಮ್ಮ ಕತ್ತಲೆ ಜಾಗ ಡಿಸ್ಕಿನ ಈಚೆಗಿನ ತಣ್ಣನೆಯ ಅನಿಲ. ಎರಡನೇ ಹೊಳಪು ಡಿಸ್ಕಿನ ಆಚೆಗಿನದು.

ಲೆಕ್ಕ ಹಾಕಿ ನೋಡಿ. ಅನಿಲದ ಒಟ್ಟು ತಾಪ, ಅಂದರೆ ಅದನ್ನು ತಡೆದು ನಿಲ್ಲಿಸಿದರೆ ಬರುವ ತಾಪ, 1700 ಕೆಲ್ವಿನ್ ಇರಲಿ. ಗಾಮಾ (ಅನಿಲದ ಎರಡು ವಿಶಿಷ್ಟೋಷ್ಣಗಳ ಅನುಪಾತ) 1.25. ಹಿಗ್ಗಿ ಮಾಕ್ 5, ಅಂದರೆ ಅಲ್ಲಿನ ಶಬ್ದದ ವೇಗದ ಐದು ಪಟ್ಟು, ಮುಟ್ಟುವಾಗ ತಾಪ ಸುಮಾರು 412 ಕೆಲ್ವಿನ್. ಈ ಕಾವಿಗೆ ಹೊಳಪು ಎಲ್ಲಿಂದ ಬರಬೇಕು! ಡಿಸ್ಕ್ ದಾಟಿದ ಕೂಡಲೇ ತಾಪ ನಾಲ್ಕು ಪಟ್ಟಿಗೆ ಜಿಗಿದು 1670ರ ಹತ್ತಿರಕ್ಕೆ ವಾಪಸ್. ಶಾಕ್ ದಾಟುವಾಗ ಒಟ್ಟು ಒತ್ತಡದಲ್ಲಿ (ತಡೆದು ನಿಲ್ಲಿಸಿದರೆ ಬರುವ ಒತ್ತಡದಲ್ಲಿ) ನಷ್ಟ ಆಗುತ್ತೆ, ಒಟ್ಟು ತಾಪದಲ್ಲಿ ಆಗಲ್ಲ. ನಡುವೆ ಕಳೆದುಹೋದ ಹಾಗೆ ಕಂಡ ಬಿಸಿಯೆಲ್ಲ ವೇಗದ ರೂಪದಲ್ಲಿ ಅಲ್ಲೇ ಇತ್ತು.

ಅಲೆಮಾರಿ_ಅಲೆ
ಆಹಾ. ಸರ್, ಡಿಸ್ಕ್ ಎಷ್ಟು ದೂರದಲ್ಲಿ ನಿಲ್ಲುತ್ತೆ ಅಂತ ಮೊದಲೇ ಹೇಳಬಹುದಾ?

ಉಷ್ಣಗತಿ
ಒಂದೇ ಸಮ ಹರಿಯುವ ಜೆಟ್ಟಿಗೆ (ರಭಸದ ಅನಿಲಧಾರೆಗೆ) ಸೂತ್ರ ಇದೆ: ದೂರ = 0.67 × ಬಾಯಿಯ ವ್ಯಾಸ × ಒಳಗಿನ, ಹೊರಗಿನ ಒತ್ತಡಗಳ ಅನುಪಾತದ ವರ್ಗಮೂಲ. ಅನುಪಾತ 400 ಅಂತಿಟ್ಟುಕೊಳ್ಳಿ, ವರ್ಗಮೂಲ 20, ದೂರ 13 ವ್ಯಾಸಕ್ಕಿಂತ ತುಸು ಹೆಚ್ಚು. 5.56 ಮಿಲಿಮೀಟರ್ ನಳಿಗೆಗೆ ಏಳೂವರೆ ಸೆಂಟಿಮೀಟರ್. ನಿಮ್ಮ ಶೀರ್ಷಿಕೆಯ ನಾಲ್ಕು ಬೆರಳು ಸರಿಯಾಗೇ ಇದೆ. ಆದರೆ ಬಂದೂಕಿನಲ್ಲಿ ಒತ್ತಡ ನಿಲ್ಲದೆ ಇಳಿಯುತ್ತಿರುತ್ತೆ. ಡಿಸ್ಕ್ ಮುಂದೆ ಬೆಳೆದು, ಆಮೇಲೆ ಹಿಂದಕ್ಕೆ ಸರಿದು, ನಳಿಗೆ ಖಾಲಿಯಾಗುವಾಗ ಕುಸಿಯುತ್ತೆ. ಎಲ್ಲ ಕೆಲವೇ ಮಿಲಿಸೆಕೆಂಡಿನ ಆಟ.

ರಸಾಯನಿ
ಮೂರನೇ ಬೆಂಕಿಯನ್ನು ಉಷ್ಣಗತಿ ಒಂದೇ ಸಾಲಲ್ಲಿ ಮುಗಿಸಿಬಿಟ್ಟರು, ಅದು ನಮ್ಮ ಇಲಾಖೆ.

ಹೊಗೆರಹಿತ ಸಿಡಿಮದ್ದಿನ ಮೂಲ ನೈಟ್ರೋಸೆಲ್ಯುಲೋಸ್. ಅದರೊಳಗಿರುವ ಆಮ್ಲಜನಕ ಅದನ್ನೇ ಪೂರ್ತಿ ಸುಡಲು ಸಾಲದು. ಹಾಗಾಗಿ ನಳಿಗೆಯಿಂದ ಬರುವ ಅನಿಲದಲ್ಲಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್ ಯಥೇಚ್ಛ. ಎರಡೂ ಒಳ್ಳೆ ಇಂಧನ. ಈ ಇಂಧನ ಹೊರಗಿನ ಗಾಳಿಯೊಂದಿಗೆ ಬೆರೆಯುವ ಅಂಚಿನಲ್ಲಿ ಸಾಕಷ್ಟು ಬಿಸಿ ಉಳಿದಿದ್ದರೆ ಹೊತ್ತಿತು. ಬಿಸಿ ಕಡಿಮೆಯಿದ್ದರೆ ಅಥವಾ ಹೊತ್ತುವ ಮೊದಲೇ ತಣ್ಣನೆಯ ಗಾಳಿ ಜಾಸ್ತಿ ಬೆರೆತರೆ ಇಲ್ಲ. ಅದಕ್ಕೇ ಕೆಲವು ವಿಡಿಯೋದಲ್ಲಿ ಉಂಡೆ ಇದೆ, ಕೆಲವದರಲ್ಲಿ ಇಲ್ಲ. ನಡುವೆ ಅರ್ಧಂಬರ್ಧ ಹೊತ್ತುವ ಸ್ಥಿತಿ ಕಮ್ಮಿ, ಹೊತ್ತಿದರೆ ಪೂರ್ತಿ.

ಬೆಂಕಿಕಡ್ಡಿ ಗೀರುವವರು ಯಾರು ಅಂದರೆ ಅದೇ ಮಾಕ್ ಡಿಸ್ಕ್. ಆರಿದ್ದ ಅನಿಲವನ್ನು ಮತ್ತೆ ಕಾಯಿಸಿ ಗಾಳಿಯ ಕೈಗೆ ಕೊಡೋದು ಅದು. ಫ್ಲ್ಯಾಶ್ ಹೈಡರಿನ ಸೀಳುಗಳು, ಕವಲುಗಳು ಮಾಡೋದೂ ಇಷ್ಟೇ: ಒಂದು ದೊಡ್ಡ ಶಾಕ್ ನೆಲೆಯಾಗಿ ನಿಲ್ಲದ ಹಾಗೆ ಹರಿವನ್ನು ಒಡೆದು ಚದುರಿಸೋದು.

ರಸಾಯನದ ದಾರಿಯೂ ಇದೆ. ಮದ್ದಿನಲ್ಲೇ ಪೊಟ್ಯಾಸಿಯಂ ಲವಣ ಸೇರಿಸುತ್ತಾರೆ, ಪೊಟ್ಯಾಸಿಯಂ ಸಲ್ಫೇಟ್ ಥರದ್ದು. ದಹನದ ಸರಪಳಿಯನ್ನು ಮುಂದಕ್ಕೆ ಎಳೆಯುವ ಹೈಡ್ರೋಜನ್, ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು (ಥಟ್ಟನೆ ಪ್ರತಿಕ್ರಿಯಿಸುವ ಅಣುತುಣುಕುಗಳನ್ನು) ಪೊಟ್ಯಾಸಿಯಂ ನುಂಗಿಹಾಕುತ್ತೆ. ಅದಕ್ಕೆ ತೆರುವ ಬೆಲೆ ಹೊಗೆ. ರಾತ್ರಿ ಮರೆಯಾದವನು ಹಗಲು ಕಾಣಿಸಿಕೊಳ್ತಾನೆ.

ಗುರಿಕಾರ
ಇಷ್ಟೆಲ್ಲ ಯಾಕೆ ಗುರು? ಗುಂಡು ಶಬ್ದಕ್ಕಿಂತ ನಿಧಾನ ಹೋದರೆ ಸದ್ದಿಲ್ಲ, ವೇಗ ಹೋದರೆ ಸದ್ದು. ಮುಗೀತು ಕಥೆ.

ಡೆಸಿಬೆಲ್_ದಾಸ
@ಗುರಿಕಾರ ಮುಗಿಯೋದಿಲ್ಲ ಮಾರಾಯ್ರೆ. ಸದ್ದುಗಳು ಮೂರು: ಬಾಯಿಂದ ನುಗ್ಗುವ ಅನಿಲದ ಸ್ಫೋಟ, ಗುಂಡು ತನ್ನೊಂದಿಗೆ ಹೊತ್ತೊಯ್ಯುವ ಶಾಕ್, ಬಂದೂಕಿನ ಲೋಹದ ಭಾಗಗಳ ಖಟಪಟ. ನಿಧಾನದ ಗುಂಡು ಹಾಕಿದರೆ ಎರಡನೇದು ಹೋಯಿತು. ಮೊದಲನೇದು ಎಲ್ಲಿ ಹೋಗುತ್ತದೆ? ಪಿಸ್ತೂಲುಗಳಲ್ಲಿ ಎಷ್ಟೋ ಗುಂಡುಗಳು ಶಬ್ದಕ್ಕಿಂತ ನಿಧಾನವೇ. ಅವು ಮೌನವಾಗಿವೆಯೇ?

ಉಲ್ಟಾನೂ ನಿಜ. ಸಪ್ರೆಸರ್ ಹಾಕಿ ಮೊದಲನೇದನ್ನು ಎಷ್ಟೇ ತಗ್ಗಿಸಿದರೂ ಎರಡನೇದಕ್ಕೆ ಕೂದಲೂ ಕೊಂಕುವುದಿಲ್ಲ. ಅದು ನಳಿಗೆಯಲ್ಲಿ ಹುಟ್ಟಿದ್ದಲ್ಲ, ದಾರಿಯುದ್ದಕ್ಕೂ ಹುಟ್ಟುತ್ತಲೇ ಇರುವಂಥದ್ದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಗುಂಡು 850ರಲ್ಲಿ ಹೋದರೆ ಮಾಕ್ ಸುಮಾರು 2.5, ಹಿಂದೆ ಎಳೆಯುವ ಶಂಕುವಿನ ಅರ್ಧಕೋನ 24 ಡಿಗ್ರಿ ಆಸುಪಾಸು. ಆ ಶಂಕು ನಿಮ್ಮ ಕಿವಿಯನ್ನು ದಾಟಿದಾಗ "ಚಟೀರ್".

ಗುರಿಕಾರ
ಸರಿ, ಆದರೆ ಸಪ್ರೆಸರ್ ಅಂತ ಅಷ್ಟು ಕುಣೀತಾರಲ್ಲ, ರೈಫಲ್ 165 ಡೆಸಿಬೆಲ್ ಇದ್ದದ್ದು 135 ಆಗುತ್ತೆ. ಶೇಕಡಾ 18 ಕಮ್ಮಿ. ಇದೇನು ದೊಡ್ಡ ಸಾಧನೆ?

ಡೆಸಿಬೆಲ್_ದಾಸ
ಡೆಸಿಬೆಲ್‌ಗೆ ಶೇಕಡಾ ಹಾಕಿದ್ದು ನೋಡಿ ನನ್ನ ಜೀವ ಹೋಯಿತು. ಲಾಗರಿದಮ್ ಅದು. 165 ಡೆಸಿಬೆಲ್ ಅಂದರೆ ಒತ್ತಡದ ಶಿಖರ ಸುಮಾರು 3,550 ಪ್ಯಾಸ್ಕಲ್. 135 ಅಂದರೆ 112 ಪ್ಯಾಸ್ಕಲ್. ಮೂವತ್ತೆರಡರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ಸ್ಫೋಟದಂಥ ಕ್ಷಣಿಕ ಸದ್ದಿಗೆ ಕಿವಿಯ ರಕ್ಷಣೆಯ ನಿಯಮಗಳು ಎಳೆಯುವ ಗೆರೆ 140 ಡೆಸಿಬೆಲ್ ಶಿಖರಮಟ್ಟ. ಅಂದರೆ ಇಲ್ಲಿನ ಲಾಭ ಏನೆಂದರೆ, ಒಂದೇ ಏಟಿಗೆ ಕಿವಿ ಹಾಳಾಗುವ ಮಟ್ಟದಿಂದ ಗೆರೆಯ ಕೆಳಗೆ ಬರುವುದು. ಆದರೂ 135 ಅಂದರೆ ಜೋರು ಸದ್ದೇ, @ಪಾಪ್‌ಕಾರ್ನ್_ಪುಟ್ಟ ಕೇಳಿಸಿಕೊಳ್ಳಿ.

ಪಾಪ್‌ಕಾರ್ನ್_ಪುಟ್ಟ
ಕೇಳಿಸ್ತು ಕೇಳಿಸ್ತು. ಇನ್ಮೇಲೆ ಆ ಸೀನ್ ಬಂದಾಗೆಲ್ಲ ಪಕ್ಕದಲ್ಲಿ ಕೂತವರಿಗೆ ಪ್ಯಾಸ್ಕಲ್ ಲೆಕ್ಕ ಹೇಳಿ ಬೈಸಿಕೊಳ್ತೀನಿ.

ಹರಿವು_ಹುಚ್ಚಿ
ಎರಡನೇ ಪ್ರಶ್ನೆಗೆ ಇನ್ನೂ ಯಾರೂ ನೇರವಾಗಿ ಉತ್ತರ ಕೊಟ್ಟಿಲ್ಲ. ಒಂದಕ್ಕೆ ಮದ್ದು ಮಾಡಿದರೆ ಇನ್ನೊಂದು ವಾಸಿ ಆಗುತ್ತಾ? ಒಂದು ದಿಕ್ಕಿನಲ್ಲಿ ಹೌದು, ಇನ್ನೊಂದು ದಿಕ್ಕಿನಲ್ಲಿ ಇಲ್ಲ.

ಸದ್ದಿಗೆ ಕಾರಣ ಅನಿಲ ಎಷ್ಟು ಬೇಗ, ಎಷ್ಟು ಶಕ್ತಿಯೊಂದಿಗೆ ಹೊರಗೆ ನುಗ್ಗುತ್ತೆ ಅನ್ನೋದು. ಮದ್ದಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಗುಂಡಿಗೆ ಹೋಗುತ್ತೆ ಅಂತಿಟ್ಟುಕೊಳ್ಳಿ, ಇನ್ನಷ್ಟು ನಳಿಗೆಯನ್ನು ಕಾಯಿಸುತ್ತೆ, ಮಿಕ್ಕದ್ದು ಬಿಸಿ ಅನಿಲದಲ್ಲೇ ಉಳಿದು ಬಾಯಿಂದ ಹೊರಬೀಳುತ್ತೆ. ಫ್ಲ್ಯಾಶ್ ಹೈಡರ್ ಈ ಶಕ್ತಿಯಲ್ಲಿ ಹೆಚ್ಚುಕಡಿಮೆ ಏನನ್ನೂ ಕಸಿಯೋದಿಲ್ಲ, ಹರಿವಿನ ಆಕಾರವನ್ನಷ್ಟೇ ಬದಲಿಸುತ್ತೆ. ಅದೇ ಅನಿಲ, ಅಷ್ಟೇ ಹೊತ್ತಿನಲ್ಲಿ ಹೊರಗೆ. ಸದ್ದು ಯಾಕೆ ತಗ್ಗಬೇಕು?

ಸಪ್ರೆಸರ್ ಕಥೆ ಬೇರೆ. ಅನಿಲ ಹೊರಗೆ ಹಿಗ್ಗುವ ಮೊದಲು ಒಳಗೇ ಹಿಗ್ಗಲು ಜಾಗ ಕೊಡುತ್ತೆ, ಗೋಡೆಗೆ ಬಿಸಿ ಬಿಟ್ಟುಕೊಡುವಂತೆ ಮಾಡುತ್ತೆ, ಸುಳಿ ಎಬ್ಬಿಸಿ ತಡ ಮಾಡುತ್ತೆ. ಕ್ಷಣಾರ್ಧದಲ್ಲಿ ಸುರಿಯಬೇಕಾದದ್ದು ಎಷ್ಟೋ ಪಟ್ಟು ಹೆಚ್ಚು ಹೊತ್ತು ಹಿಡಿದು ಸೋರುತ್ತೆ. ಒತ್ತಡದ ಶಿಖರ ಇಳಿದಾಗ ಮಾಕ್ ಡಿಸ್ಕೂ ಚಿಕ್ಕದಾಗುತ್ತೆ, ಅನಿಲವೂ ತಣ್ಣಗೆ. ಹಾಗಾಗಿ ಬೆಳಕು ತಾನಾಗೇ ತಗ್ಗುತ್ತೆ. ಒಂದು ತಮಾಷೆ ಏನೆಂದರೆ ಮೊದಲ ಗುಂಡಿಗೆ ಒಳಗೆ ಮಾಮೂಲಿ ಗಾಳಿ ತುಂಬಿರುತ್ತೆ. ರಸಾಯನಿ ಹೇಳಿದ ಇಂಧನಕ್ಕೆ ಅಲ್ಲೇ ಆಮ್ಲಜನಕ ಸಿಕ್ಕಿ ಒಳಗೇ ಉರಿದು ಮೊದಲ ಗುಂಡಿನ ಸದ್ದು ಉಳಿದವಕ್ಕಿಂತ ಜಾಸ್ತಿ ಬರುತ್ತೆ. ಎರಡನೇ ಗುಂಡಿನ ಹೊತ್ತಿಗೆ ಒಳಗೆ ಬರೀ ಸುಟ್ಟ ಅನಿಲ.

ಮಜಲ್ ಬ್ರೇಕ್ ಅಂತ ಮೂರನೇ ಪ್ರಾಣಿಯೂ ಇದೆ. ಹಿನ್ನೊದೆತ ತಗ್ಗಿಸೋಕೆ ಅನಿಲವನ್ನು ಪಕ್ಕಕ್ಕೂ ಹಿಂದಕ್ಕೂ ತಿರುಗಿಸುತ್ತೆ. ಹೊಡೆಯುವವನ ಭುಜಕ್ಕೆ ಸುಖ, ಕಿವಿಗೆ ಗ್ರಹಚಾರ. ಪಕ್ಕದಲ್ಲಿ ಮಲಗಿದವನ ಕಥೆ ಕೇಳಲೇಬೇಡಿ.

ರಸಾಯನಿ
@ಹರಿವು_ಹುಚ್ಚಿ ಒಂದು ತಿದ್ದುಪಡಿ. "ಬೆಳಕು ತಗ್ಗಿದರೆ ಸದ್ದು ತಗ್ಗಲ್ಲ" ಅನ್ನೋದು ಸಣ್ಣ ಬಂದೂಕಿಗೆ ಹೆಚ್ಚೂಕಮ್ಮಿ ಸರಿ. ಫಿರಂಗಿಗೆ ಪೂರ್ತಿ ಸರಿಯಲ್ಲ. ಅಲ್ಲಿ ಮೂರನೇ ಬೆಂಕಿಯೇ ದೊಡ್ಡ ದಹನ, ಅದು ಹೊತ್ತಿದಾಗ ಸ್ಫೋಟದ ಒತ್ತಡಕ್ಕೂ ತನ್ನ ಪಾಲು ಸೇರಿಸುತ್ತೆ. ಲವಣ ಹಾಕಿ ಆ ಬೆಂಕಿ ತಡೆದರೆ ಸದ್ದಿಗೂ ಸ್ವಲ್ಪ ಕಡಿವಾಣ ಬೀಳುತ್ತೆ.

ಹರಿವು_ಹುಚ್ಚಿ
ಫಿರಂಗಿ ಯಾರು ಕೇಳಿದ್ರು ಇಲ್ಲಿ 🙄 ಆದರೂ ಮಾತು ಸರಿ.

ಯಂತ್ರಪ್ರೇಮಿ_77
ಹಾಗಾದ್ರೆ ಒಳಗೆ ಎಷ್ಟು ತಡೆಗಳು, ಯಾವ ಕೋನ, ಯಾವ ಅಳತೆಯ ಕೊಳವೆ ಅಂತ ಯಾರಾದ್ರೂ ಹೇಳ್ತೀರಾ? ಮನೇಲಿ ಲೇಥ್ ಇದೆ.

ನಿರ್ವಾಹಕ
ಇಲ್ಲ. ಅಳತೆ, ನಕ್ಷೆ, ತಯಾರಿಯ ವಿಧಾನ ಯಾವುದೂ ಇಲ್ಲಿ ಬೇಡ. ಪರವಾನಗಿಯಿಲ್ಲದೆ ಮಾಡೋದು ಅನೇಕ ದೇಶಗಳಲ್ಲಿ ಅಪರಾಧ, ಕೆಟ್ಟದಾಗಿ ಮಾಡಿದ್ದು ಮುಖದ ಮುಂದೆ ಒಡೆಯುತ್ತೆ. ಚರ್ಚೆ ಭೌತಶಾಸ್ತ್ರದ್ದು, ಹಾಗೇ ಇರಲಿ. ಮುಂದಿನ ಇಂಥ ಪೋಸ್ಟ್ ಅಳಿಸಲಾಗುತ್ತೆ.

ಹಳೇ_ಪುಟ
ಇತಿಹಾಸದ ಎರಡು ಮಾತು. ಸದ್ದು ತಗ್ಗಿಸುವ ಸಾಧನಕ್ಕೆ 1909ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್, ಮಷಿನ್ ಗನ್ ಕಂಡುಹಿಡಿದ ಹೈರಮ್ ಮ್ಯಾಕ್ಸಿಮ್ ಅವರ ಮಗ. ಅಪ್ಪ ಜಗತ್ತಿನ ಕಿವಿ ಕಿವುಡು ಮಾಡಿದ, ಮಗ ಹತ್ತಿ ಇಡಲು ಹೊರಟ. ಎಂಜಿನ್ನಿನ ಹೊಗೆಕೊಳವೆಯ ಸದ್ದಿಗೂ ಅದೇ ತತ್ವ ಬಳಸಿದ. ಆಮೇಲೆ ಹವ್ಯಾಸಿ ರೇಡಿಯೋ ಕಡೆ ತಿರುಗಿ 1914ರಲ್ಲಿ ಅಮೆರಿಕನ್ ರೇಡಿಯೋ ರಿಲೇ ಲೀಗ್ ಸ್ಥಾಪಕರಲ್ಲಿ ಒಬ್ಬನಾದ.

ಗುಂಡಿನ ಶಾಕ್ ಅನ್ನು ಕಣ್ಣಿಗೆ ಕಾಣಿಸಿದವರು ಅದಕ್ಕೂ ಮೊದಲೇ ಇದ್ದರು. 1886ರಲ್ಲಿ ಪೀಟರ್ ಸಾಲ್ಕರ್ ತೆಗೆದ ಫೋಟೋಗಳನ್ನು ಭೌತವಿಜ್ಞಾನಿ ಅರ್ನ್ಸ್ಟ್ ಮಾಕ್ ಜೊತೆ ಸೇರಿ 1887ರಲ್ಲಿ ಪ್ರಕಟಿಸಿದರು. ಗಾಳಿಯ ಸಾಂದ್ರತೆ ಬದಲಾದಲ್ಲಿ ಬೆಳಕು ಬಾಗುತ್ತದಲ್ಲ, ಅದನ್ನೇ ಹಿಡಿಯುವ ಶ್ಲೀರನ್ ವಿಧಾನ. ಇವತ್ತು ಅಲೆಮಾರಿ ನೋಡಿದ ವಿಡಿಯೋಗಳಲ್ಲಿ ಶಾಕ್ ಗೆರೆ ಕಂಡಿದ್ದರೆ ಅದೂ ಬಹುಶಃ ಅದೇ ಉಪಾಯ.

ಗುರಿಕಾರ
ಇತಿಹಾಸ ಅಂದ್ರೆ ನಾಗಂಟ್ ರಿವಾಲ್ವರ್ ಬಿಟ್ಟುಬಿಟ್ರಿ. ರಷ್ಯಾದ 1895ರ ಮಾದರಿ. ಸಾಮಾನ್ಯ ರಿವಾಲ್ವರಿನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಸಂದು ಇರುತ್ತೆ, ಅಲ್ಲಿಂದಲೇ ಅನಿಲ ಚಿಮ್ಮುತ್ತೆ, ಬಾಯಿಗೆ ಏನು ಹಾಕಿದರೂ ವ್ಯರ್ಥ. ನಾಗಂಟ್‌ನಲ್ಲಿ ಸಿಲಿಂಡರ್ ಮುಂದೆ ಸರಿದು ಸಂದು ಮುಚ್ಚುತ್ತೆ.

ಡೆಸಿಬೆಲ್_ದಾಸ
ಅಬ್ಬ, ಗುರಿಕಾರರಿಂದ ಮೊದಲ ಬಾರಿ ಅನಿಲದ ಬಗ್ಗೆ ಒಂದು ಮಾತು. ದಾಖಲಾಗಲಿ.

ಗುರಿಕಾರ
ನಿಮ್ಮ ಲಾಗರಿದಮ್ ನಿಮ್ಮ ಹತ್ರಾನೇ ಇರ್ಲಿ ಸ್ವಾಮಿ.

ದೂರದ_ಗುಡುಗು
ದಾರಿ ತಪ್ಪಿಸ್ತೀನಿ, ಕ್ಷಮೆಯಿರಲಿ. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಫಿರಂಗಿ ಎಲ್ಲಿದೆ ಅಂತ ಸದ್ದಿನಿಂದ ಪತ್ತೆ ಹಚ್ಚುವ ಕೆಲಸ ಬ್ರಿಟಿಷ್ ಸೈನ್ಯದಲ್ಲಿ ಭೌತವಿಜ್ಞಾನಿ ವಿಲಿಯಂ ಲಾರೆನ್ಸ್ ಬ್ರಾಗ್ ತಲೆಗೆ ಬಿತ್ತು. ಎಕ್ಸ್-ಕಿರಣಕ್ಕೆ ಅಪ್ಪನ ಜೊತೆ ನೊಬೆಲ್ ಪಡೆದವರೇ. ತೊಂದರೆ ಏನಪ್ಪಾ ಅಂದ್ರೆ ಶಬ್ದಕ್ಕಿಂತ ವೇಗದ ಶೆಲ್ಲಿನ "ಚಟೀರ್" ಮೊದಲು ಬಂದು ಮೈಕ್ರೋಫೋನನ್ನು ತುಂಬಿಬಿಡುತ್ತಿತ್ತು. ಬೇಕಾದದ್ದು ಆಮೇಲೆ ಬರುವ, ಫಿರಂಗಿಯ ಬಾಯಿಯ ಮಂದ್ರದ "ಧೂಂ". ಅದರ ಬಹುಪಾಲು ಕಿವಿಗೆ ಕೇಳದಷ್ಟು ಕೆಳಗಿನ ಆವರ್ತನ.

ಸುಳಿವು ಸಿಕ್ಕಿದ್ದು ಪಾಯಿಖಾನೆಯಲ್ಲಿ. ಬಾಗಿಲು ಹಾಕಿ ಕೂತಾಗ ಫಿರಂಗಿ ಹಾರಿದಾಗೆಲ್ಲ ಕೆಳಗಿನಿಂದ ಗಾಳಿಯ ಒತ್ತಡ ಕುಂಡೆಗೆ ತಟ್ಟುವುದು ಅವರ ಗಮನಕ್ಕೆ ಬಂತು! ಆಮೇಲೆ ವಿಲಿಯಂ ಟಕ್ಕರ್ ಅನ್ನುವವರು ಕಾದ ಪ್ಲಾಟಿನಂ ತಂತಿಯ ಮೈಕ್ರೋಫೋನ್ ಮಾಡಿದರು. ಮಂದ್ರದ ಗಾಳಿಯ ತಳ್ಳಾಟಕ್ಕೆ ತಂತಿ ತಣ್ಣಗಾಗುತ್ತೆ, ಶೆಲ್ಲಿನ ಚಟೀರಿಗೆ ಹೆಚ್ಚೇನೂ ಅಲ್ಲಾಡಲ್ಲ.

ಪಾಪ್‌ಕಾರ್ನ್_ಪುಟ್ಟ
ಈ ಚರ್ಚೆಯ ಅತ್ಯುತ್ತಮ ಪೋಸ್ಟ್ ಇದು. ಉಳಿದವರು ಮನೆಗೆ ಹೋಗಬಹುದು.

ವೃಶ್ಚಿಕ_ಲಗ್ನ
ಜೆಟ್ಟಿನ ಸದ್ದು ವೇಗದ ಎಂಟನೇ ಘಾತಕ್ಕೆ ಏರುತ್ತೆ ಅಂತ ಗಣಿತಜ್ಞ ಲೈಟ್‌ಹಿಲ್ 1952ರಲ್ಲೇ ತೋರಿಸಿದ್ದಾರೆ. ಅದನ್ನು ಹಾಕಿದರೆ ಸಾಕು, ವೇಗ ಅರ್ಧ ಮಾಡಿದರೆ 24 ಡೆಸಿಬೆಲ್ ಇಳಿಯುತ್ತೆ. ಸಿಎಫ್‌ಡಿ ಯಾಕೆ?

ಹರಿವು_ಹುಚ್ಚಿ
ಲೈಟ್‌ಹಿಲ್ ಹೇಳಿದ್ದು ಒಂದೇ ಸಮ ಹರಿಯುವ, ಶಬ್ದಕ್ಕಿಂತ ನಿಧಾನದ ಜೆಟ್ಟಿನ ಪ್ರಕ್ಷುಬ್ಧತೆಯ ಸದ್ದಿನ ಬಗ್ಗೆ. ವಿಮಾನದ ಎಂಜಿನ್ನಿಗೆ ಚೆನ್ನಾಗಿ ಕೂರುತ್ತೆ. ಇಲ್ಲಿ ದೊಡ್ಡ ಸದ್ದು ಬರೋದು ಸುಳಿಗಳಿಂದಲ್ಲ, ಇದ್ದಕ್ಕಿದ್ದಂತೆ ಅಷ್ಟೊಂದು ಅನಿಲ ಗಾಳಿಯನ್ನು ಪಕ್ಕಕ್ಕೆ ತಳ್ಳುವುದರಿಂದ. ಮುಂದೆ ಒಂದು ಶಾಕ್, ಹಿಂದೆ ಇಳಿಜಾರು, ಆಮೇಲೆ ವಾಯುಭಾರಕ್ಕಿಂತ ಕೆಳಗಿಳಿಯುವ ಬಾಲ. ಅದು ಸ್ಫೋಟದ ಅಲೆ. ಅದಾದ ಮೇಲಿನ "ಸುಂಯ್" ಇದೆಯಲ್ಲ, ನಿಮ್ಮ ಲೈಟ್‌ಹಿಲ್‌ಗೆ ಅಷ್ಟು ಪಾಲು ಕೊಡಬಹುದು.

ವೃಶ್ಚಿಕ_ಲಗ್ನ
ಸ್ಫೋಟ ಅಂದಮೇಲೆ ಸ್ಫೋಟದ ಅಲೆ ಹರಡುವ ಬಗ್ಗೆ ಭೌತವಿಜ್ಞಾನಿ ಟೇಲರ್ ಕೊಟ್ಟ ಸೂತ್ರ ಹಾಕಿ ಹಾಗಾದ್ರೆ. ತ್ರಿಜ್ಯ ಕಾಲದ ಐದನೇ ಎರಡು ಘಾತಕ್ಕೆ.

ಹರಿವು_ಹುಚ್ಚಿ
ಟೇಲರದ್ದು ಒಂದೇ ಬಿಂದುವಿನಲ್ಲಿ, ಒಂದೇ ಕ್ಷಣದಲ್ಲಿ ಬಿಟ್ಟ ಶಕ್ತಿ, ಎಲ್ಲ ಕಡೆ ಸಮ. ಇಲ್ಲಿ ಶಕ್ತಿ ಸ್ವಲ್ಪ ಹೊತ್ತು ಸುರಿಯುತ್ತಲೇ ಇರುತ್ತೆ, ಮುಂದಕ್ಕೆ ಜಾಸ್ತಿ, ಹಿಂದಕ್ಕೆ ಕಮ್ಮಿ. ಬಾಯಿಯ ಮುಂದೆ ನಿಂತವನಿಗೂ ಹಿಂದೆ ನಿಂತವನಿಗೂ ಒಂದೇ ಸದ್ದು ಕೇಳಿಸಲ್ಲ. ಸೂತ್ರ ಸಿಕ್ಕಿತು ಅಂತ ಹಾಕೋದಲ್ಲ ರೀ.

ಜಾಲರಿ_ಜಾಣ
ಅಲೆಮಾರಿ, ಪ್ರಾಜೆಕ್ಟಿನ ಮಾತಿಗೆ ಬರೋಣ. ಮೊದಲೇ ಪೂರ್ತಿ ಬಂದೂಕಿಗೆ ಕೈ ಹಾಕಬೇಡ, ಸುಸ್ತಾಗ್ತೀಯ. 1978ರ ಸಾಡ್ ಶಾಕ್ ಟ್ಯೂಬ್ ಸಮಸ್ಯೆಯಿಂದ (ಕೊಳವೆಯಲ್ಲಿ ಹೆಚ್ಚು, ಕಡಿಮೆ ಒತ್ತಡದ ಅನಿಲಗಳ ನಡುವಿನ ತೆರೆ ತೆಗೆದರೆ ಏನಾಗುತ್ತೆ ಅನ್ನೋದು) ಶುರು ಮಾಡು, ಅದಕ್ಕೆ ನಿಖರ ಉತ್ತರ ಇದೆ. ಅದು ಸರಿ ಬಂದರೆ ಅಕ್ಷಸಮ್ಮಿತಿಯ, ಅಂದರೆ ನಡುಗೆರೆಯ ಸುತ್ತ ಎಲ್ಲ ಕಡೆ ಒಂದೇ ಥರ ಇರುವ, ಜೆಟ್. ಡಿಸ್ಕಿನ ದೂರ ಉಷ್ಣಗತಿ ಕೊಟ್ಟ ಸೂತ್ರಕ್ಕೆ ತಾಳೆಯಾಗುತ್ತಾ ನೋಡು. ಆಮೇಲೆ ಒತ್ತಡ ಇಳಿಯುತ್ತಾ ಹೋಗುವ ಹಾಗೆ ಮಾಡು. ಗುಂಡು, ದಹನ ಎರಡೂ ಸದ್ಯಕ್ಕೆ ಬೇಡ.

ಖರ್ಚಿನ ಅಂದಾಜು ಹೇಳ್ತೀನಿ. ಲೆಕ್ಕಕ್ಕೆ ಜಾಗವನ್ನು ಸಣ್ಣ ಸಣ್ಣ ಚೌಕಗಳಾಗಿ ಹಂಚುವ ಜಾಲರಿಯ ಕೋಶ 0.1 ಮಿಲಿಮೀಟರ್, ಅನಿಲದ ವೇಗ ಮತ್ತು ಶಬ್ದದ ವೇಗ ಕೂಡಿಸಿ ಸೆಕೆಂಡಿಗೆ 3,000 ಮೀಟರ್ ಅಂತಿಟ್ಟುಕೋ. ಒಂದು ಹೆಜ್ಜೆಗೆ ಮಾಹಿತಿ ಒಂದು ಕೋಶಕ್ಕಿಂತ ಆಚೆ ಹೋಗಬಾರದು. ಅಂದರೆ ಕಾಲದ ಹೆಜ್ಜೆ 33 ನ್ಯಾನೋಸೆಕೆಂಡ್. 5 ಮಿಲಿಸೆಕೆಂಡ್ ಓಡಿಸಲು ಒಂದೂವರೆ ಲಕ್ಷ ಹೆಜ್ಜೆ. ಒಂದೇ ಅಳತೆಯ ಜಾಲರಿ ಇಟ್ಟರೆ ಕಂಪ್ಯೂಟರ್ ಅಳುತ್ತೆ. ಶಾಕ್ ಇರುವಲ್ಲಿ ಮಾತ್ರ ತಾನಾಗಿ ಸಣ್ಣದಾಗುವ ಜಾಲರಿ ಬಳಸು.

ಇನ್ನೊಂದು ವಿಷಯ ಪುಸ್ತಕದವರು ಮರೆಯುತ್ತಾರೆ. ಗುಂಡಿನ ಮುಂದೆ ನಳಿಗೆಯಲ್ಲಿ ಗಾಳಿಯ ಕಂಬ ಇರುತ್ತಲ್ಲ, ಗುಂಡು ಅದನ್ನು ಒತ್ತಿ ಮೊದಲೇ ಹೊರಗೆ ತಳ್ಳುತ್ತೆ. ಮೊದಲ ಶಾಕ್ ಅದು. ಮುಖ್ಯ ಸ್ಫೋಟ ಹೊರಡೋದು ಆಗಲೇ ಅಲ್ಲಾಡಿರುವ ಗಾಳಿಯೊಳಗೆ.

ಅಲೆಮಾರಿ_ಅಲೆ
ತುಂಬಾ ಥ್ಯಾಂಕ್ಸ್ ಅಣ್ಣಾ. ಅಕ್ಷಸಮ್ಮಿತಿ ಇಟ್ಟುಕೊಂಡೇ ಒಂದು ಫ್ಲ್ಯಾಶ್ ಹೈಡರನ್ನೂ ಸೇರಿಸಿಬಿಡ್ಲಾ?

ಜಾಲರಿ_ಜಾಣ
ಬರೀ ಶಂಕು ಆಕಾರದ್ದಾದರೆ ಆಗುತ್ತೆ, ಎರಡನೇ ಮಹಾಯುದ್ಧದ ಬ್ರಿಟಿಷ್ ಜಂಗಲ್ ಕಾರ್ಬೈನ್ ಎಂಬ ಗಿಡ್ಡ ರೈಫಲಿನಲ್ಲಿ ಇತ್ತಲ್ಲ ಹಾಗೆ. ಸೀಳು, ಕವಲು ಬಂದರೆ ಮೂರು ಆಯಾಮ ಬೇಕೇ ಬೇಕು.

ಗುರಿಕಾರ
ಮೂರು ಕವಲಿನದ್ದು ಅಮೆರಿಕದ ಮೊದಮೊದಲ ಎಂ16 ರೈಫಲಿನಲ್ಲಿತ್ತು. ಕಾಡಿನಲ್ಲಿ ಬಳ್ಳಿ ಸಿಕ್ಕಿಹಾಕಿಕೊಳ್ಳುತ್ತಿತ್ತು ಅಂತ ತುದಿ ಮುಚ್ಚಿದ ಪಂಜರದ ಆಕಾರಕ್ಕೆ ಬದಲಿಸಿದರು. ಎ2 ಮಾದರಿಯಲ್ಲಿ ಕೆಳಗಿನ ಸೀಳೂ ಮುಚ್ಚಿದರು, ಮಲಗಿ ಹೊಡೆದಾಗ ಧೂಳು ಏಳಬಾರದು ಅಂತ. ನಿಮ್ಮ ಜಾಲರಿಯಲ್ಲಿ ಬಳ್ಳಿ ಎಲ್ಲಿ ಹಾಕ್ತೀರಿ?

ಜಾಲರಿ_ಜಾಣ
😂 ಮುಂದಿನ ಆವೃತ್ತಿಯಲ್ಲಿ.

ಅಲೆಮಾರಿ_ಅಲೆ
ಕೊನೇ ಪ್ರಶ್ನೆ. ಗಾಮಾ ಎಲ್ಲ ಕಡೆ ಒಂದೇ ಇಟ್ಟರೆ ನಡೆಯುತ್ತಾ?

ಉಷ್ಣಗತಿ
ಮೊದಲ ಓಟಕ್ಕೆ ನಡೆಯುತ್ತೆ. ಆಮೇಲೆ ಮದ್ದಿನ ಅನಿಲಕ್ಕೆ 1.25, ಗಾಳಿಗೆ 1.4 ಬೇರೆ ಬೇರೆ ಕೊಡು.

ಜಾಲರಿ_ಜಾಣ
ಕೊಟ್ಟ ದಿನ ಎರಡು ಅನಿಲಗಳ ಗಡಿಯಲ್ಲಿ ಒತ್ತಡ ಸುಮ್ಮಸುಮ್ಮನೆ ಏರಿಳಿಯೋದು ಕಾಣುತ್ತೆ. ಹೊಸ ಶಾಕ್ ಸಿಕ್ಕಿತು ಅಂತ ಇಲ್ಲಿ ಬಂದು ಕುಣೀಬೇಡ, ಅದು ಸ್ಕೀಮಿನ, ಅಂದರೆ ಲೆಕ್ಕ ಹಾಕುವ ವಿಧಾನದ, ಕಾಯಿಲೆ. ಅದಕ್ಕೆ ಬೇರೆ ಥ್ರೆಡ್ ತೆಗಿ, ನಾನು ಬರ್ತೀನಿ.